ಉತ್ತರದ ಗೋಡೆಯ ಎತ್ತರ

ವಿಠ್ಠಲ ದೇವಾಡಿಗರು ನಕ್ಷೆ ಬರೆಯುವವರು. ಆರ್ಕಿಟೆಕ್ಟ್ ಅಲ್ಲ, ಇಂಜಿನಿಯರ್ ಅಲ್ಲ, ಡ್ರಾಫ್ಟ್ಸ್‌ಮನ್. ಕಟ್ಟಡ ಹೇಗಿರಬೇಕೆಂದು ನಿರ್ಧರಿಸುವುದು ಬೇರೆಯವರ ಕೆಲಸ. ಅದನ್ನು ಮೇಸ್ತ್ರಿ ಓದಿ ಕಟ್ಟುವಂತೆ ಹಾಳೆಗೆ ಇಳಿಸುವುದು ಇವರ ಕೆಲಸ. ಅಹಮದಾಬಾದಿನ ಒಂದೇ ಆಫೀಸಿನಲ್ಲಿ, ಒಂದೇ ಕುರ್ಚಿಯಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷ ಈ ಕೆಲಸ ಮಾಡಿದರು. ಆ ಕುರ್ಚಿಯನ್ನು ಅವರು ಬಿಟ್ಟದ್ದು ಹೇಗೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಲ್ಲಿನ ಕನ್ನಡಿಗರಲ್ಲಿ ಈ ಬಗ್ಗೆ ಎರಡು ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ಅವರು ಹುತಾತ್ಮರು, ಇನ್ನೊಂದರಲ್ಲಿ ಕಂಪ್ಯೂಟರ್ ಬಾರದ ಮುದುಕರು. ಎರಡೂ ನಿಜವಲ್ಲ.

ನನಗೆ ಅವರ ಪರಿಚಯ ಉದ್ಯೋಗದ ಮೂಲಕ. ಆ ಆಫೀಸು ರೂಪಿಸುವ ಕಟ್ಟಡಗಳ ಕಂಬ, ತೊಲೆ, ಕಬ್ಬಿಣದ ಲೆಕ್ಕ ಮಾಡಿಕೊಡುವವಳು ನಾನು. ಪಾಠ ಹೇಳುವ ಕೆಲಸದಿಂದ ನಿವೃತ್ತಳಾದ ಮೇಲೂ ಇದನ್ನು ಬಿಟ್ಟಿಲ್ಲ.

ದೇವಾಡಿಗರ ತಂದೆ ಬಾರ್ಕೂರಿನ ಕಡೆಯವರು. ವಡೋದರಾದ ರೈಲ್ವೆ ಸ್ಟೇಷನ್ ಬಳಿಯ ಉಡುಪಿ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಂತೇ ಆಯುಷ್ಯ ಕಳೆದರು. ಮಗ ಹುಟ್ಟಿದ್ದು, ಓದಿದ್ದು ವಡೋದರಾದಲ್ಲಿ. ಶಾಲೆಯಲ್ಲಿ ಗುಜರಾತಿ, ಮನೆಯಲ್ಲಿ ಕನ್ನಡ. ಐಟಿಐಯಲ್ಲಿ ಸಿವಿಲ್ ಡ್ರಾಫ್ಟಿಂಗ್ ಕಲಿತು, ಇಪ್ಪತ್ತೈದರ ವಯಸ್ಸಿನಲ್ಲಿ ಅಹಮದಾಬಾದಿಗೆ ಬಂದರು. ಆಗ ನಕ್ಷೆಯೆಂದರೆ ಟ್ರೇಸಿಂಗ್ ಹಾಳೆ ಮತ್ತು ಇಂಕ್ ಪೆನ್ನು. ತಪ್ಪಿದರೆ ಬ್ಲೇಡಿನಿಂದ ಕೆರೆದು ತಿದ್ದುವುದು. ಇವರು ಕೆರೆದದ್ದು ಕಡಿಮೆ.

2001ರ ಭೂಕಂಪದ ನಂತರ ಆಫೀಸಿನವರು ಇವರನ್ನು ಬಿರುಕು ಬಿಟ್ಟ ಕಟ್ಟಡಗಳ ಅಳತೆಗೆ ಕಳಿಸಿದರು. ಏಳು ತಿಂಗಳು ಅದೇ ಕೆಲಸ. ಹಳೆಯ ನಕ್ಷೆಗಳಲ್ಲಿ ಉದ್ದ ಅಗಲಗಳು ಬಹುಮಟ್ಟಿಗೆ ಸರಿ ಇದ್ದವು. ಎತ್ತರ ಮಾತ್ರ ಎಲ್ಲೂ ಸರಿಯಿರಲಿಲ್ಲ. ಕಾಗದದಲ್ಲಿ ಹತ್ತಡಿಯಿದ್ದ ಮಹಡಿ ನಿಜದಲ್ಲಿ ಹನ್ನೊಂದು ಕಾಲು ಅಡಿ ಇರುತ್ತಿತ್ತು. ಇದಕ್ಕೆ ಕಾರಣ ಸರಳ. ಪ್ಲಾನ್ ಎಂಬುದು ಕಟ್ಟಡವನ್ನು ಮೇಲಿನಿಂದ ನೋಡಿದ ಚಿತ್ರ. ಅದರಲ್ಲಿ ಉದ್ದ ಅಗಲ ಕಣ್ಣಿಗೆ ಕಾಣುತ್ತವೆ, ಎತ್ತರ ಕಾಣುವುದಿಲ್ಲ. ಅದನ್ನು ಪಕ್ಕದಲ್ಲಿ ಅಂಕಿಯಾಗಿ ಬರೆಯಬೇಕು. ಬರೆಯುವವನು ಯಾವ ಜಾಗದಿಂದ ಎಂದು ಹೇಳದಿದ್ದರೆ ಓದುವವನು ತನಗೆ ತೋಚಿದ ಜಾಗದಿಂದ ಅಳೆಯುತ್ತಾನೆ.

“ಬರೀ ಹತ್ತಡಿ ಅಂದ್ರೆ ಎಂತದು ಮೇಡಂ?” ಎಂದು ಆಗ ನನ್ನನ್ನೇ ಕೇಳಿದ್ದರು. “ಎಲ್ಲಿಂದ ಹತ್ತಡಿ? ರಸ್ತೆಯಿಂದಲಾ, ಕಲ್ಲು ಹಾಸಿದ ನೆಲದಿಂದಲಾ, ಕಾಂಕ್ರೀಟಿಂದಲಾ? ಬರೆದವ ಸತ್ತೋಗಿರ್ತಾನೆ, ಯಾರನ್ನ ಕೇಳುದು?”

ಅಂದಿನಿಂದ ಅವರ ಹಾಳೆಗಳಲ್ಲಿ ಪ್ರತಿ ನೆಲಕ್ಕೂ ಪ್ರತಿ ಗೋಡೆಗೂ ಎತ್ತರದ ಗುರುತು ಇರುತ್ತಿತ್ತು, ಅದು ಎಲ್ಲಿಂದ ಎಂಬ ಸಾಲೂ ಇರುತ್ತಿತ್ತು. ಹಾಳೆ ಕಿಕ್ಕಿರಿಯುತ್ತಿತ್ತು. ಆಫೀಸಿನ ಹಿರಿಯ ಆರ್ಕಿಟೆಕ್ಟ್ ಗೊಣಗುತ್ತಿದ್ದರು, ತೆಗೆಸುತ್ತಿರಲಿಲ್ಲ.

ಆ ಹಿರಿಯರು ತೀರಿಕೊಂಡ ಮೇಲೆ ಅವರ ಮಗ ನಿತೇಶ್ ಆಫೀಸು ನೋಡಿಕೊಳ್ಳತೊಡಗಿದ. ಬುದ್ಧಿವಂತ, ಕೆಲಸ ಬಲ್ಲವನು, ಅವಸರದವನು. ಹೊಸ ಸಾಫ್ಟ್‌ವೇರ್ ತಂದ. ಇದರಲ್ಲಿ ಗೆರೆ ಎಳೆಯುವುದಿಲ್ಲ. ಗೋಡೆಯನ್ನೇ ನಿಲ್ಲಿಸುವುದು, ನೆಲವನ್ನೇ ಹಾಸುವುದು. ಗೋಡೆಗೆ ತನ್ನ ಎತ್ತರ ಗೊತ್ತಿರುತ್ತದೆ, ನೆಲಕ್ಕೆ ತನ್ನ ಮಟ್ಟ ಗೊತ್ತಿರುತ್ತದೆ. ಒಂದು ಗುಂಡಿ ಒತ್ತಿದರೆ ಅಂಕಿಗಳೆಲ್ಲ ತಾವಾಗಿಯೇ ಹಾಳೆಯ ಮೇಲೆ ಬಂದು ಕೂರುತ್ತವೆ. ದೇವಾಡಿಗರಿಗೆ ಆಗ ಐವತ್ತೊಂದು. ನಾಲ್ಕು ತಿಂಗಳಲ್ಲಿ ಕಲಿತರು. ಊರಂಚಿನ ಬೋಪಾಲ್ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಮಗಳು ತನುಶ್ರೀಯ ಲ್ಯಾಪ್‌ಟಾಪ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರು. ಆ ಹುಡುಗಿಯ ಕನ್ನಡ ಮೂರು ಭಾಷೆಗಳ ಮಿಶ್ರಣ.

“ಪಪ್ಪಾ, ಇಷ್ಟು ಡರ್ ಯಾಕೆ? ತಪ್ಪಾದ್ರೆ ಅಂಡೂ ಬಟನ್ ಉಂಟಲ್ಲ, ದಬಾವೋ.”

“ಸೈಟಲ್ಲಿ ಅಂಡೂ ಇಲ್ಲ ಮಗಾ. ಹಾರೆ ಮಾತ್ರ ಇರುದು.”

ಕಲಿತರು, ಆದರೆ ನಿಧಾನ. ತಾನಾಗಿ ಬಂದ ಪ್ರತಿ ಅಂಕಿಯನ್ನೂ ಕಾಗದದಲ್ಲಿ ಕೂಡಿಸಿ ಕಳೆದು ನೋಡುತ್ತಿದ್ದರು. ನಿತೇಶನಿಗೆ ಇದು ಸರಿಬರಲಿಲ್ಲ. ಅದೇ ಹೊತ್ತಿಗೆ ಆಫೀಸಿಗೆ ಇನ್ನೊಂದು ಬಗೆಯ ಕೆಲಸ ಬರತೊಡಗಿತ್ತು: ನಗರದ ಹಳೆಯ ಹೌಸಿಂಗ್ ಸೊಸೈಟಿಗಳನ್ನು ಕೆಡವಿ ಟವರ್ ಕಟ್ಟುವ ಮೊದಲು ಒಂದೊಂದು ಫ್ಲ್ಯಾಟನ್ನೂ ಅಳೆಯುವ ಸರ್ವೇ. ಮನೆಮನೆಗೆ ಹೋಗಬೇಕು, ಅವರ ಮಂಚ ಕಪಾಟು ಸರಿಸಬೇಕು. ನಿತೇಶ್ ಮುಚ್ಚುಮರೆಯಿಲ್ಲದೆ ಹೇಳಿದ. ಸೂರತ್ತಿನ ಒಂದು ಕಟ್ಟಡದ ನಕ್ಷೆಗಳನ್ನು ದೇವಾಡಿಗರು ಒಬ್ಬರೇ ಮಾಡಲಿ. ಆ ಕಟ್ಟಡ ಪೂರ್ತಿ ಏಳುವ ತನಕ ಎತ್ತರದ ವಿಷಯದಲ್ಲಿ ಸೈಟಿನಿಂದ ಒಂದೇ ಒಂದು ದೂರು ಬರಬಾರದು. ಬರದಿದ್ದರೆ ಕುರ್ಚಿ ಅವರದೇ, ನಿಧಾನದ ಬಗ್ಗೆ ಮುಂದೆ ಮಾತಿಲ್ಲ. ಬಂದರೆ ಸರ್ವೇ. ದೇವಾಡಿಗರು ಒಪ್ಪಿಕೊಂಡರು. ನ್ಯಾಯವಾದ ಷರತ್ತೆಂದೇ ನನಗೂ ಅನಿಸಿತ್ತು.

ಸೂರತ್ತಿನ ಕಟ್ಟಡ ಗೋರ್ಧನಭಾಯಿ ಎಂಬ ವಜ್ರದ ವ್ಯಾಪಾರಿಯದು. ನಾಲ್ಕು ಮಹಡಿ. ಮೂರನೆಯ ಮತ್ತು ನಾಲ್ಕನೆಯ ಮಹಡಿಗಳಲ್ಲಿ ಪಾಲಿಶ್ ಆದ ಕಲ್ಲುಗಳನ್ನು ನೋಡಿ ವಿಂಗಡಿಸುವ ಕೋಣೆಗಳು. ವಜ್ರವನ್ನು ಉತ್ತರದ ಬೆಳಕಿನಲ್ಲೇ ನೋಡಬೇಕು. ಅದರಲ್ಲಿ ನೇರ ಬಿಸಿಲಿಲ್ಲ, ಬಣ್ಣ ಮೋಸ ಮಾಡುವುದಿಲ್ಲ. ಆದ್ದರಿಂದ ಉತ್ತರದ ಗೋಡೆಯುದ್ದಕ್ಕೂ ಕಿಟಕಿಗಳು. ಆ ಗೋಡೆಗೆ ತಾಗಿ, ಕೋಣೆಯ ಈ ತುದಿಯಿಂದ ಆ ತುದಿಯವರೆಗೆ, ಒಂದೂವರೆ ಅಡಿ ಎತ್ತರದ ಕಟ್ಟೆ. ಅದರ ಮೇಲೆ ಬಿಳಿಯ ಗಾದಿ. ಗೋರ್ಧನಭಾಯಿ ಮತ್ತು ಅವರ ಓರಗೆಯ ವ್ಯಾಪಾರಿಗಳು ಕುರ್ಚಿಯಲ್ಲಿ ಕೂತು ಕಲ್ಲು ನೋಡುವವರಲ್ಲ. ಚಪ್ಪಲಿ ಬಿಟ್ಟು ಗಾದಿ ಹತ್ತಿ, ಚಕ್ಕಳಮಕ್ಕಳ ಹಾಕಿ, ಮುಂದೆ ಬಿಳಿ ಕಾಗದ ಹರಡಿಕೊಂಡು ನೋಡುವವರು. ಕಿಟಕಿಯ ಕೆಳ ಅಂಚು ಕೋಣೆಯ ನೆಲದಿಂದ ಎರಡೂವರೆ ಅಡಿ ಇರಬೇಕು, ಅಂದರೆ ಕಟ್ಟೆಯಿಂದ ಒಂದು ಅಡಿ. ಆಗ ಬೆಳಕು ಕಾಗದದ ಮೇಲೆ ಬೀಳುತ್ತದೆ.

ಕಟ್ಟೆಯನ್ನು ಸಾಫ್ಟ್‌ವೇರಿನಲ್ಲಿ ಏನೆಂದು ತೋರಿಸಬೇಕು ಎಂಬುದರ ಮೇಲೆ ನಿತೇಶನಿಗೂ ದೇವಾಡಿಗರಿಗೂ ವಾದವಾಯಿತು. ಅವರ ಮಾತು ನಡೆಯುತ್ತಿದ್ದುದು ಗುಜರಾತಿಯಲ್ಲಿ.

“ಫರ್ನಿಚರ್ ಅಂತ ಹಾಕಿ, ವಿಠ್ಠಲಭಾಯಿ. ಲೈಬ್ರರಿಯಿಂದ ಒಂದು ಡಬ್ಬಿ ಎತ್ತಿ ಇಡಿ, ಮುಗೀತು.”

“ಚಪ್ಪಲಿ ಬಿಟ್ಟು ಹತ್ತೋ ಜಾಗ ಫರ್ನಿಚರ್ ಹೇಗಾಗುತ್ತೆ ಸಾಹೇಬರೇ? ಅದು ನೆಲ. ಅದಕ್ಕೆ ಅದರದೇ ಮಟ್ಟ ಇದೆ.”

“ಕೂರೋದಕ್ಕೆ ಇರೋದೆಲ್ಲ ಫರ್ನಿಚರ್.”

“ಹಾಗಾದ್ರೆ ನಮ್ಮ ಊರಿನ ಮನೆಗಳಲ್ಲಿ ಅರ್ಧ ಮನೆ ಫರ್ನಿಚರ್ ಆಯಿತು.”

ಕರಾವಳಿಯ ಮನೆ ಬಲ್ಲವರಿಗೆ ಇದು ತಿಳಿಯುತ್ತದೆ. ಜಗಲಿಯನ್ನು ಯಾರೂ ಸಾಮಾನೆಂದು ಎಣಿಸುವುದಿಲ್ಲ. ಅದು ಮನೆಯ ನೆಲವೇ, ಒಂದು ಮೆಟ್ಟಿಲು ಮೇಲಿನದು. ಗೋರ್ಧನಭಾಯಿಯನ್ನು ಫೋನಿನಲ್ಲಿ ಕೇಳಿದಾಗ ಅವರೂ “ಗಾದಿ ಅಂದ್ರೆ ಗಾದಿ, ಸೋಫಾ ಅಲ್ಲ” ಎಂದರು. ನಿತೇಶ್ ಬಿಟ್ಟುಕೊಟ್ಟ. ದೇವಾಡಿಗರು ಕಟ್ಟೆಯನ್ನು ನೆಲವೆಂದೇ ಹಾಸಿದರು, ಅದಕ್ಕೆ ಒಂದೂವರೆ ಅಡಿಯ ಗುರುತು ಹಾಕಿದರು. ನಕ್ಷೆಗಳು ಸೂರತ್ತಿಗೆ ಹೋದವು. ಕಂಬಗಳು ಎದ್ದವು, ಒಂದು, ಎರಡು ಮಹಡಿಗಳ ಗೋಡೆಗಳು ಮುಗಿದವು. ದೂರು ಬರಲಿಲ್ಲ.

ಹೋದ ವರ್ಷ ಫೆಬ್ರುವರಿಯ ಒಂದು ಶನಿವಾರ ಮಧ್ಯಾಹ್ನ ದೇವಾಡಿಗರು ನನಗೆ ಫೋನ್ ಮಾಡಿದರು.

“ಮೇಡಂ, ಸೂರತ್ ಮೂರನೇ ಮಹಡಿ ಉತ್ತರದ ಗೋಡೆ. ಕಿಟಕಿ ಕೆಳಗೆ ಕಾಂಕ್ರೀಟ್ ಪಟ್ಟಿ ಹಾಕಿದ್ದಾರಲ್ಲ, ಅದನ್ನ ಒಡೀಲಿಕ್ಕೆ ಆಗ್ತದಾ?”

ಭೂಕಂಪದ ಪ್ರದೇಶವಾದ್ದರಿಂದ ಗೋಡೆಯಲ್ಲಿ ಕಿಟಕಿಯ ಕೆಳಗೆ ಒಂದು ಕಾಂಕ್ರೀಟ್ ಪಟ್ಟಿ ಓಡಬೇಕು. ಅದನ್ನು ಹಾಕುವ ಮೊದಲು ನನಗೆ ಫೋಟೋ ಕಳಿಸಬೇಕೆಂದು ನಾನೇ ನಿಯಮ ಮಾಡಿದ್ದೆ. ಕಂಟ್ರಾಕ್ಟರ್ ಮನ್ಸುಖಭಾಯಿ ಗುರುವಾರ ಕಳಿಸಿದ್ದರು. ಕಬ್ಬಿಣ ಸರಿಯಿತ್ತು. ನಾನು ಸರಿ ಎಂದು ಉತ್ತರಿಸಿದ್ದೆ.

“ಒಡೆಯಬಹುದು. ಕಂಬದಿಂದ ಸರಳು ಬಿಡಿಸಿಕೊಂಡು ಬೇರೆ ಮಟ್ಟದಲ್ಲಿ ಹಾಕಬೇಕು. ಯಾಕೆ?”

“ಫೋಟೋದಲ್ಲಿ ಬ್ಲಾಕ್ ಎಷ್ಟು ಸಾಲು ಉಂಟು ಎಣಿಸಿ ನೋಡಿ.”

ಎಣಿಸಿದೆ. ಆರು ಸಾಲು. ಒಂದೊಂದು ಬ್ಲಾಕು ಎಂಟು ಇಂಚು. ಆರು ಸಾಲೆಂದರೆ ನಾಲ್ಕು ಅಡಿ. ಇರಬೇಕಾದದ್ದು ಎರಡೂವರೆ.

“ಮನ್ಸುಖಭಾಯಿ ನಕ್ಷೆ ನೋಡಲಿಲ್ಲವೇ?”

“ನೋಡಿದ್ದಾರೆ. ಅದೇ ತೊಂದರೆ.”

ಆಗಿದ್ದು ಇಷ್ಟು. ಗೋಡೆಯ ಮೇಲೆ ಎತ್ತರ ತೋರಿಸುವಾಗ ಅದನ್ನು ಯಾವ ಜಾಗದಿಂದ ಎಣಿಸಬೇಕು ಎಂದು ಆ ಸಾಫ್ಟ್‌ವೇರ್ ಕೇಳುತ್ತದೆ. ಮಹಡಿಯ ಸೊನ್ನೆಯಿಂದ, ಅಂದರೆ ಆ ಮಹಡಿಯ ಮೂಲ ನೆಲದಿಂದ, ಎಂದು ಹೇಳಬಹುದು, ಗೋಡೆಗೆ ತಾಗಿದ ನೆಲದಿಂದ ಎಂದೂ ಹೇಳಬಹುದು. ಮೇಸ್ತ್ರಿಗಳು ಕಾಲ ಕೆಳಗಿನ ನೆಲದಿಂದಲೇ ಅಳೆಯುವುದರಿಂದ ದೇವಾಡಿಗರು ಎರಡನೆಯದನ್ನು ಆರಿಸಿದ್ದರು. ಕಿಟಕಿಗೆ ಎರಡೂವರೆ ಅಡಿ ಎಂದು ಬರೆದಿದ್ದರು. ಆಮೇಲೆ ಕಟ್ಟೆಯನ್ನು ನೆಲವೆಂದು ಹಾಸಿದರು. ಆ ಕ್ಷಣದಿಂದ ಗೋಡೆಗೆ ತಾಗಿದ ನೆಲವೆಂದರೆ ಕಟ್ಟೆ. ಸಾಫ್ಟ್‌ವೇರ್ ಎರಡೂವರೆ ಎಂಬ ಅಂಕಿಯನ್ನು ಹಾಗೆಯೇ ಉಳಿಸಿಕೊಂಡು ಕಿಟಕಿಯ ಅಂಚನ್ನು ಒಂದೂವರೆ ಅಡಿ ಮೇಲೆ ಸರಿಸಿತು. ಪ್ಲಾನಿನಲ್ಲಿ ಅಂಕಿ ಬದಲಾಗಲಿಲ್ಲವಾದ್ದರಿಂದ ಅವರ ಕಣ್ಣಿಗೆ ಬೀಳಲಿಲ್ಲ. ಕಟ್ಟಡದ ಹೊರಮುಖ ತೋರಿಸುವ ಇನ್ನೊಂದು ಹಾಳೆಯಲ್ಲಿ ಎತ್ತರಗಳು ಮಹಡಿಯ ಸೊನ್ನೆಯಿಂದ ಬರುತ್ತವೆ. ಅಲ್ಲಿ ನಾಲ್ಕು ಅಡಿ ಎಂದೇ ಬಂದಿತ್ತು. ಎತ್ತರಕ್ಕೆ ಹೊರಮುಖದ ಹಾಳೆಯನ್ನೇ ನಂಬುವುದು ಮನ್ಸುಖಭಾಯಿಯ ಹಳೆಯ ಪದ್ಧತಿ. ಅವರು ನಾಲ್ಕು ಅಡಿ ಕಟ್ಟಿದರು.

ಕಟ್ಟೆಯನ್ನು ಫರ್ನಿಚರ್ ಎಂದು ಹಾಕಿದ್ದರೆ ಸಾಫ್ಟ್‌ವೇರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದವರಲ್ಲಿ ನಾನೂ ಒಬ್ಬಳು. ಎರಡರ ಮೇಲೂ ನನ್ನ ಸಹಿಯಿತ್ತು.

“ಗಾಜು ಕೊಯ್ಯುವುದು ಯಾವಾಗ?” ಎಂದು ಕೇಳಿದೆ.

“ಸೋಮವಾರ. ನಾಲ್ಕನೇ ಮಹಡಿ ಗೋಡೆನೂ ಸೋಮವಾರ ಶುರು. ಅದೂ ಇದೇ ನಕ್ಷೆ.”

“ನಿತೇಶನಿಗೆ ಹೇಳಿದಿರಾ?”

“ಮದುವೆಗೆ ಹೋಗಿದ್ದಾರೆ, ಫೋನ್ ಎತ್ತುದಿಲ್ಲ. ಮೆಸೇಜ್ ಹಾಕಿದೆ, ಉತ್ತರದ ಗೋಡೆ ಬಗ್ಗೆ ಮಾತಾಡ್ಬೇಕು ಅಂತ.”

“ಹಾಗಾದರೆ ನಾಳೆ ಬೆಳಗಿನ ರೈಲಿಗೆ ಹೋಗೋಣ. ಪಟ್ಟಿ ನನ್ನದು, ನಾನೂ ನೋಡಬೇಕು.”

ಮರುದಿನ ರೈಲು ವಡೋದರಾ ದಾಟಿತು. ಆಮೇಲೆ ದೇವಾಡಿಗರು ಚೀಲದಿಂದ ಆ ನಕ್ಷೆಗಳ ಮೊದಲ ಪುಟ ತೆಗೆದು, ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. ಹಾಳೆಗಳ ನಡುವೆ ವ್ಯತ್ಯಾಸ ಕಂಡರೆ ಕಟ್ಟುವ ಮೊದಲು ಕೇಳತಕ್ಕದ್ದು ಎಂಬ ಸಾಲು ಅಲ್ಲಿತ್ತು.

“ಮನ್ಸುಖಭಾಯಿ ಕೇಳ್ಲಿಲ್ಲ,” ಎಂದರು.

“ಇಲ್ಲ.”

“ಕೇಳ್ಬೇಕಿತ್ತಲ್ವಾ ಮೇಡಂ?”

“ಕೇಳಬೇಕಿತ್ತು.”

“ಹಾಗಾದ್ರೆ ಇದು ಕಾನೂನು ಪ್ರಕಾರ ಅವರ ತಪ್ಪೇ.”

“ಕಾನೂನಿನ ಪ್ರಕಾರ ಹೌದು.”

“ನೀವು ಅಲ್ಲಿ ಎಂತ ಹೇಳುದು?”

“ಪಟ್ಟಿಯನ್ನು ಹೇಗೆ ಒಡೆಯಬೇಕು ಎಂದು ಹೇಳುವುದಕ್ಕೆ ಬರುತ್ತಿದ್ದೇನೆ. ಫೋಟೋ ನೋಡಿ ಸರಿ ಎಂದವಳು ನಾನು, ಅದನ್ನೂ ಹೇಳುತ್ತೇನೆ. ಉಳಿದದ್ದು ನಿಮ್ಮದು.”

ಅವರು ಹಾಳೆ ಮಡಚಿ ಹೆಂಡತಿಯ ಮಾತು ತೆಗೆದರು. “ಸಾವಿತ್ರಿ ಹೇಳಿದ್ಳು, ನೀವು ಬಾಯಿ ಮುಚ್ಚಿ ಕೂತ್ರೆ ಯಾರಿಗೂ ಗೊತ್ತಾಗುದಿಲ್ಲ ಅಂತ. ಹೇಳಿ, ಮತ್ತೆ ಅವಳೇ ತಿಂಡಿ ಕಟ್ಟಿ ಕೊಟ್ಳು. ಇಬ್ಬರಿಗೆ ಉಂಟು. ತಿನ್ನಿ.”

ಅವಲಕ್ಕಿ ಇತ್ತು. ತಿಂದೆವು.

ಸೈಟಿನಲ್ಲಿ ಭಾನುವಾರವೂ ಕೆಲಸ ನಡೆದಿತ್ತು. ಮನ್ಸುಖಭಾಯಿ ಅರವತ್ತು ದಾಟಿದ ಮನುಷ್ಯ, ಯಾವ ಮಾತನ್ನೂ ಮೊದಲು ತಮಾಷೆ ಮಾಡಿಯೇ ಆರಂಭಿಸುವವರು. “ಆವೋ ಆವೋ! ಭಾನುವಾರ ದರ್ಶನ! ಅಹಮದಾಬಾದಿನಲ್ಲಿ ನಿಮಗೆಲ್ಲ ಮನೆಯವರು ಊಟ ಹಾಕಲಿಲ್ಲವೇನು?” ಎಂದು ಕುರ್ಚಿ ತರಿಸಿದರು. ದೇವಾಡಿಗರು ಕೂರದೆ ಮೂರನೆಯ ಮಹಡಿ ಹತ್ತಿ, ಟೇಪ್ ಹಿಡಿದು ಅಳೆದರು. ನಾಲ್ಕು ಅಡಿ. ಪಟ್ಟಿಯ ಕಾಂಕ್ರೀಟ್ ಇನ್ನೂ ಹಸಿ ಬಣ್ಣದಲ್ಲಿತ್ತು. ಅಷ್ಟರಲ್ಲಿ ಗೋರ್ಧನಭಾಯಿಯೂ ಬಂದರು. ಪ್ರತಿ ಭಾನುವಾರ ಬೆಳಿಗ್ಗೆ ಬಂದು ಎಷ್ಟು ಎದ್ದಿದೆ ಎಂದು ನೋಡುವುದು ಅವರ ವಾಡಿಕೆಯಂತೆ.

“ಕಾಕಾ, ಒಂದು ಸಲ ಕೂತು ನೋಡ್ತೀರಾ?” ಎಂದರು ದೇವಾಡಿಗರು.

ಕಟ್ಟೆ ಇನ್ನೂ ಕಟ್ಟಿರಲಿಲ್ಲ. ಕೆಲಸದವರಿಂದ ಬ್ಲಾಕು ಪೇರಿಸಿ, ಒಂದೂವರೆ ಅಡಿ ಅಳೆದು, ಮೇಲೆ ಹಲಗೆ ಹಾಕಿಸಿದರು. ಗೋರ್ಧನಭಾಯಿ ಸಿಮೆಂಟು ಧೂಳಿನಲ್ಲೇ ಚಪ್ಪಲಿ ಬಿಟ್ಟು ಹತ್ತಿ ಕೂತರು. ಅಂಗಿಯ ಒಳಜೇಬಿನಿಂದ ಪಡೀಕು, ಎಂದರೆ ಕಲ್ಲುಗಳನ್ನಿಡುವ ಮಡಿಸಿದ ಕಾಗದದ ಪೊಟ್ಟಣ, ತೆಗೆದು ತೊಡೆಯ ಮೇಲೆ ಬಿಡಿಸಿದರು. ಚಿಮಟದಲ್ಲಿ ಒಂದು ಕಲ್ಲನ್ನು ಎತ್ತಿದರು. ಎದುರಿಗೆ ಬರಿಯ ಗೋಡೆ. ಬೆಳಕು ಅವರ ತಲೆಯ ಮೇಲಿನಿಂದ ಹಾದು ಹಿಂದೆ ನೆಲಕ್ಕೆ ಬೀಳುತ್ತಿತ್ತು.

“ಮನ್ಸುಖ, ಇದೇನು ಜೈಲು ಕಟ್ಟಿದ್ದೀಯಾ? ಆಕಾಶ ಕಾಣ್ತಿದೆ, ಕೈಯಲ್ಲಿರೋ ಕಲ್ಲು ಕಾಣ್ತಿಲ್ಲ. ನಾನೇನು ಹಕ್ಕಿ ವ್ಯಾಪಾರ ಮಾಡ್ತೀನಾ?”

ಮನ್ಸುಖಭಾಯಿ ಓಡಿಹೋಗಿ ಹೊರಮುಖದ ಹಾಳೆ ತಂದು ಬಿಡಿಸಿದರು. “ಶೇಠ್, ಇಲ್ಲಿ ನೋಡಿ. ನಾಲ್ಕು ಅಡಿ. ಬರೆದದ್ದನ್ನೇ ಕಟ್ಟಿದ್ದೇನೆ, ಒಂದು ಸೂತು, ಒಂದು ನೂಲಿನೆಳೆಯಷ್ಟೂ ಹೆಚ್ಚಿಲ್ಲ.”

ಗೋರ್ಧನಭಾಯಿ ಹಲಗೆಯಿಂದ ಇಳಿಯದೆ ಕೈ ಚಾಚಿದರು. “ಪ್ಲಾನ್ ಕೊಡು.” ಕನ್ನಡಕ ಏರಿಸಿ ನೋಡಿದರು. “ಇಲ್ಲಿ ಎರಡೂವರೆ ಅಂತಿದೆ. ಒಂದು ಕಾಗದ ಒಂದು ಮಾತು, ಇನ್ನೊಂದು ಕಾಗದ ಇನ್ನೊಂದು ಮಾತು. ನಿನಗೆ ಬಾಯಿ ಇರಲಿಲ್ವಾ? ಫೋನ್ ಇರಲಿಲ್ವಾ? ಒಡೆ. ನಿನ್ನ ಆಳು, ನಿನ್ನ ಬ್ಲಾಕು.”

ಮನ್ಸುಖಭಾಯಿಯ ಮುಖ ಸಣ್ಣದಾಯಿತು. ಆ ಸಣ್ಣ ಅಕ್ಷರದ ಸಾಲು ಅವರಿಗೂ ಗೊತ್ತಿತ್ತು. ಒಮ್ಮೆ ನನ್ನ ಕಡೆ ನೋಡಿದರು. ಪಟ್ಟಿಗೆ ಒಪ್ಪಿಗೆ ಕೊಟ್ಟವಳು ನಾನೇ, ಸಾಲು ಎಣಿಸಲಿಲ್ಲ ಎಂದು ನಾನು ಹೇಳಿದೆ. ಗೋರ್ಧನಭಾಯಿ ತಲೆಯಾಡಿಸಿದರು. ಆದರೆ ಅದರಿಂದ ಮನ್ಸುಖಭಾಯಿಗೆ ಬಿಡುಗಡೆಯೇನೂ ಸಿಗಲಿಲ್ಲ.

“ಅವರ ತಪ್ಪಲ್ಲ ಕಾಕಾ,” ಎಂದರು ದೇವಾಡಿಗರು. “ನನ್ನದು.”

“ನಿಮ್ಮದು ಹೇಗೆ? ಪ್ಲಾನಿನಲ್ಲಿ ಸರಿಯಾಗೇ ಇದೆಯಲ್ಲ.”

“ಪ್ಲಾನಿನ ಎರಡೂವರೆ ಗಾದಿಯಿಂದ ಎಣಿಸಿದ್ದು. ನೆಲದಿಂದ ಅಂತ ನಾನು ತಿಳಕೊಂಡಿದ್ದೆ. ಗಾದಿಯನ್ನ ನೆಲ ಅಂತ ಹಾಕಿದವನು ನಾನೇ, ಎತ್ತರ ಎಲ್ಲಿಂದ ತೋರಿಸಬೇಕು ಅಂತ ಹೇಳಿದವನೂ ನಾನೇ. ಆಮೇಲೆ ಎರಡು ಹಾಳೆ ತಾಳೆ ನೋಡಲಿಲ್ಲ. ಅವರು ಕೇಳಿದ್ದರೂ ನಾನು ಪ್ಲಾನ್ ನೋಡಿ, ಸರಿ ಇದೆ, ಕಟ್ಟಿ ಅಂತಲೇ ಹೇಳ್ತಿದ್ದೆನೋ ಏನೋ.”

“ಅಂದ್ರೆ ಕಂಪ್ಯೂಟರ್ ತಪ್ಪು ಮಾಡ್ತು.”

ಗೋರ್ಧನಭಾಯಿ ಇದನ್ನು ಸಹಾಯ ಮಾಡುವ ಉದ್ದೇಶದಿಂದಲೇ ಹೇಳಿದರೆಂದು ನನಗನಿಸಿತು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಂಪ್ಯೂಟರಿನ ಮೇಲೆ ಹಾಕಿದ ತಪ್ಪನ್ನು ಈಗ ಯಾರೂ ವಿಚಾರಿಸುವುದಿಲ್ಲ.

“ಇಲ್ಲ. ಅದು ನಾನು ಹೇಳಿದ್ದನ್ನೇ ಮಾಡಿತು.”

ಗೋರ್ಧನಭಾಯಿ ಕಲ್ಲನ್ನು ಪೊಟ್ಟಣಕ್ಕೆ ಹಾಕಿ ಮಡಚಿದರು. “ನಮ್ಮ ದಂಧೆಯಲ್ಲಿ ಕೊಯ್ಯುವ ಮೊದಲು ಕಲ್ಲಿನ ಮೇಲೆ ಗುರುತು ಹಾಕುವವನೊಬ್ಬ ಇರ್ತಾನೆ. ಅವನ ಗುರುತು ತಪ್ಪಿದರೆ ಕಲ್ಲು ಹೋಯಿತು, ದೇವರು ಬಂದರೂ ಅಂಟಿಸಲಾರ. ನಿಮ್ಮದು ಬರೀ ಬ್ಲಾಕು. ಒಡೆದು ಕಟ್ಟಿ. ಕೂಲಿ ನಿಮ್ಮ ಆಫೀಸಿನದು. ನಿತೇಶಭಾಯಿ ಹತ್ತಿರ ನಾನು ಮಾತಾಡಬೇಕೋ, ನೀವು ಹೇಳ್ತೀರೋ?”

“ನಾನೇ ಹೇಳ್ತೇನೆ.”

ಗಾಜಿನವನಿಗೆ ಅಲ್ಲಿಂದಲೇ ಫೋನ್ ಮಾಡಿ ಕೊಯ್ಯುವುದನ್ನು ನಿಲ್ಲಿಸಿದರು. ನಾಲ್ಕನೆಯ ಮಹಡಿಯ ಗೋಡೆ ಎಲ್ಲಿ ನಿಲ್ಲಬೇಕೆಂದು ಎಲ್ಲ ಕಂಬಗಳ ಮೇಲೂ ತಾವೇ ಕೆಂಪು ಬಳಪದಲ್ಲಿ ಗೆರೆ ಹಾಕಿದರು. ಪಟ್ಟಿ ಒಡೆಯುವ ಕ್ರಮವನ್ನು ನಾನು ಬರೆದುಕೊಟ್ಟೆ. ಹೊರಡುವಾಗ ಮನ್ಸುಖಭಾಯಿ ದೇವಾಡಿಗರ ಹೆಗಲ ಮೇಲೆ ಕೈಯಿಟ್ಟು, “ಮೂವತ್ತು ವರ್ಷದಲ್ಲಿ ನಕ್ಷೆಯವನು ತಪ್ಪು ತನ್ನದು ಅಂದದ್ದು ಇದೇ ಮೊದಲು. ಹುಷಾರಿಲ್ಲವೇನು ನಿಮಗೆ?” ಎಂದರು.

ಸೋಮವಾರ ನಾನು ತಿದ್ದಿದ ಪಟ್ಟಿಯ ಹಾಳೆ ಕೊಡಲು ಆಫೀಸಿಗೆ ಹೋಗಿದ್ದೆ. ದೇವಾಡಿಗರು ಆಗಲೇ ಎಲ್ಲವನ್ನೂ ಹೇಳಿದ್ದರು, ನಿತೇಶ್ ಮಾತು ಆರಂಭಿಸಿಯಾಗಿತ್ತು. ಬಾಗಿಲು ತೆರೆದೇ ಇತ್ತು, ನನ್ನನ್ನೂ ಕೂರಿಸಿಕೊಂಡ. ಸಿಟ್ಟು ಮಾಡಲಿಲ್ಲ.

“ವಿಠ್ಠಲಭಾಯಿ, ಫರ್ನಿಚರ್ ಅಂತ ಹಾಕಿ ಅಂದಿದ್ದೆ.”

“ಅಂದಿದ್ರಿ.”

“ಹಾಕಿದ್ದರೆ?”

“ಹಾಕಿದ್ದರೆ ಇದು ಆಗ್ತಿರಲಿಲ್ಲ.”

“ಈಗಲಾದರೂ ಹಾಗೆ ಮಾಡೋಣವೇ?”

“ಎತ್ತರವನ್ನ ಮಹಡಿಯ ಸೊನ್ನೆಯಿಂದ ತೋರಿಸಿದರೆ ಸಾಕು, ಸರಿಹೋಗುತ್ತೆ. ಗಾದಿ ಮಾತ್ರ ನೆಲವೇ ಸಾಹೇಬರೇ. ಅದನ್ನ ಫರ್ನಿಚರ್ ಅಂತ ನಾನು ಹಾಕಲಾರೆ.”

ನಿತೇಶ್ ನನ್ನ ಕಡೆ ನೋಡಿದ. ನಾನು ಹೇಳುವುದಿದ್ದರೆ ಇಬ್ಬರೂ ಸರಿ ಎನ್ನಬೇಕಾಗುತ್ತಿತ್ತು, ಅದರಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಗಾದಿ ನೆಲವೇ ಹೌದು. ಆದರೆ ಷರತ್ತು ಮುರಿದದ್ದೂ ಹೌದು, ಆ ಷರತ್ತಿನಲ್ಲಿ ಪ್ರಾಮಾಣಿಕತೆಗೆ ವಿನಾಯಿತಿ ಇರಲಿಲ್ಲ.

“ಮಾತು ಆಗಿತ್ತು,” ಎಂದ ನಿತೇಶ್.

“ಆಗಿತ್ತು,” ಎಂದರು ದೇವಾಡಿಗರು. “ಸೂರತ್ತಿನ ಹಾಳೆಗಳನ್ನ ತಿದ್ದಿ ಮುಗಿಸಿ ಎದ್ದು ಹೋಗ್ತೇನೆ.”

ಹನ್ನೆರಡು ದಿನ ತೆಗೆದುಕೊಂಡರು. ಉತ್ತರದ ಗೋಡೆಯನ್ನಷ್ಟೇ ಅಲ್ಲ, ಇಡೀ ಕಟ್ಟಡದ ಪ್ರತಿ ಗೋಡೆ ಪ್ರತಿ ನೆಲವನ್ನು ಎರಡೂ ಹಾಳೆಗಳಲ್ಲಿ ತಾಳೆ ನೋಡಿದರು. ಇನ್ನೆರಡು ತಪ್ಪು ಸಿಕ್ಕವು, ಎರಡೂ ಮೆಟ್ಟಿಲ ಹತ್ತಿರ, ಎರಡೂ ಇನ್ನೂ ಕಟ್ಟದ ಜಾಗದಲ್ಲಿ. ಹದಿಮೂರನೆಯ ದಿನ ಆ ಕುರ್ಚಿಯಲ್ಲಿ ಅರ್ಪಿತಾ ಎಂಬ ಹುಡುಗಿ ಬಂದು ಕೂತಳು. ಚುರುಕಿನವಳು. ಈಗ ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡದೆ ಅವಳು ಏನನ್ನೂ ಕಳಿಸುವುದಿಲ್ಲ. ನಾನೂ ಸಹಿ ಹಾಕುವುದಿಲ್ಲ.

ದೇವಾಡಿಗರು ಸರ್ವೇಗೆ ಹೋಗುತ್ತಾರೆ. ಮಣಿನಗರ, ವಾಡಜ್, ಪಾಲ್ಡಿ. ದಿನಕ್ಕೆ ಆರೇಳು ಫ್ಲ್ಯಾಟು. ಮೂರನೆಯ ನಾಲ್ಕನೆಯ ಮಹಡಿಗೆ ಲಿಫ್ಟ್ ಇಲ್ಲದೆ ಹತ್ತಿ ಇಳಿದು ಮೊಣಕಾಲು ನೋವು ಬಂದಿದೆ. ಸಂಬಳ ಅಷ್ಟೇ ಇದೆ. ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸ ಮಾತ್ರ ಇಲ್ಲ. ಅದಕ್ಕೆ ಬೇಸರವಿದೆಯೇ ಎಂದು ಕೇಳಿದವರಿಗೆ ಇದೆ ಎನ್ನುತ್ತಾರೆ.

ಈ ಡಿಸೆಂಬರಿನಲ್ಲಿ ನಾರಣಪುರದ ನಮ್ಮ ಸೊಸೈಟಿಯೂ ಕೆಡವುವ ಪಟ್ಟಿಗೆ ಸೇರಿತು. ಅಳತೆಗೆ ಅವರೇ ಬಂದರು. ಪುಸ್ತಕದ ಕಪಾಟು ಸರಿಸಲು ಇಬ್ಬರು ಕೆಲಸದವರಿದ್ದರು. ಅವರು ಕೆಳಗೆ ಹೋದ ಹೊತ್ತಿನಲ್ಲಿ ದೇವಾಡಿಗರು ಏಣಿಯ ಮೇಲೆ ನಿಂತು, ಚಾವಣಿಗೆ ಟೇಪಿನ ತುದಿ ಒತ್ತಿ ಹಿಡಿದು ಕೇಳಿದರು.

“ಮೇಡಂ, ಒಂದು ಕೇಳ್ಬೇಕಂತ ಇತ್ತು. ಆ ದಿನ ಸೂರತ್ತಲ್ಲಿ ನಾನು ಸುಮ್ಮನಿದ್ದಿದ್ರೆ, ಕುರ್ಚಿ ಉಳೀತಿತ್ತಾ?”

“ಉಳಿಯುತ್ತಿತ್ತು.”

“ಖಂಡಿತವಾ?”

“ಖಂಡಿತ. ಮನ್ಸುಖಭಾಯಿ ಸ್ವಂತ ಖರ್ಚಿನಲ್ಲಿ ಒಡೆಸುತ್ತಿದ್ದರು. ನಿತೇಶನಿಗೆ ದೂರು ಹೋಗುತ್ತಿರಲಿಲ್ಲ.”

“ನನಗೂ ಹಾಗೇ ಅನಿಸಿತ್ತು. ಸಾವಿತ್ರಿ ಮಾತ್ರ ಹೇಳ್ತಾಳೆ, ಹೇಗಿದ್ರೂ ಹೋಗ್ತಿತ್ತು ಬಿಡಿ ಅಂತ. ನನ್ನ ಸಮಾಧಾನಕ್ಕೆ ಹೇಳುದು.”

“ಅವರ ಮಾತು ತಪ್ಪು.”

“ಹೌದಲ್ವಾ,” ಎಂದರು. ಕೆಳಗೆ ನೋಡಿದರು. “ಟೇಪ್ ಸ್ವಲ್ಪ ಬಿಗಿ ಹಿಡೀರಿ ಮೇಡಂ, ಜಾರ್ತಾ ಉಂಟು.”

ನಾನು ಬಿಗಿಯಾಗಿ ಹಿಡಿದೆ. ಒಂಬತ್ತು ಅಡಿ ಎಂಟು ಇಂಚು ಬಂತು. ಅವರು ಇಳಿದು ಬರೆದುಕೊಂಡು, ಏಣಿಯನ್ನು ಅಡುಗೆಮನೆಗೆ ಒಯ್ದರು.